ಬೀದಿಯೋ, ಓಣಿಯೋ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ದಾಸವಾಳದ ಬೇಲಿ. ನುಗ್ಗೆ ಮರದ ಬುಡ ನಮ್ಮ ಕಡೆ, ಕೊಂಬೆ ಅವರ ಕಡೆ. ಸೊಪ್ಪಿನ ನೆಪವೋ ಕಾಯಿಯ ನೆಪವೋ, ದಿನಕ್ಕೊಂದು ಸಲವಾದರೂ ಆಚೆ ಈಚೆ ನಿಂತು ಮಾತಾಡದಿದ್ದರೆ ಇಬ್ಬರಿಗೂ ಸರಿಹೋಗುವುದಿಲ್ಲ. ಮೈಸೂರಿನ ಹೊರವಲಯದ ಈ ಬಡಾವಣೆಯಲ್ಲಿ ಎಲ್ಲರೂ ಕಾಂಪೌಂಡ್ ಎಬ್ಬಿಸಿಬಿಟ್ಟಿದ್ದಾರೆ. ನಾವಿಬ್ಬರು ಮಾತ್ರ ಬೇಲಿ ಉಳಿಸಿಕೊಂಡಿದ್ದೇವೆ.

ಹೋದ ತಿಂಗಳು ಒಂದು ಸಂಜೆ ಆಕೆ ಸೊಪ್ಪು ಬಿಡಿಸುತ್ತಾ, "ಟೀಚರಮ್ಮ, ಇವಳಿಗೆ ನೀವಾದ್ರೂ ಒಂದು ಮಾತು ಹೇಳಿ. ನಿನ್ನೆಯಿಂದ ಸರಿಯಾಗಿ ಊಟ ಮಾಡ್ತಿಲ್ಲ. ಮೇಷ್ಟ್ರು ಕೆಲಸ ನಂಗೆ ಬರಲ್ಲ ಅಂತ ಕೂತವ್ಳೆ" ಅಂದಳು. ಮಗಳು ಡಿ.ಎಲ್.ಇಡಿ. ಎರಡನೇ ವರ್ಷದಲ್ಲಿದ್ದಾಳೆ. ಇಂಟರ್ನ್‌ಶಿಪ್ಪಿಗೆಂದು ರಿಂಗ್ ರಸ್ತೆಯಾಚೆಯ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗುತ್ತಾಳೆ. ಕರೆದೆ. ಕಣ್ಣು ಊದಿಸಿಕೊಂಡೇ ಬಂದಳು.

ನಡೆದದ್ದು ಇಷ್ಟು. ಮೂರನೇ ತರಗತಿಗೆ ಕನ್ನಡ ಪಾಠ. ಹಿಂದಿನ ಬೆಂಚಿನಲ್ಲಿ ಪಾಠ ವೀಕ್ಷಣೆಗೆ ಬಂದ ಉಪನ್ಯಾಸಕರು. ಇವಳು ಒಬ್ಬ ಹುಡುಗನನ್ನು ಎಬ್ಬಿಸಿ ಓದಿಸಿದಳು. ಅವನ ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಸಾಲಿನಲ್ಲಿ 'ಬೀದಿ' ಅಂತಿತ್ತು. ಹುಡುಗ 'ಓಣಿ' ಅಂತ ಓದಿದ. ತರಗತಿಯೆಲ್ಲ ನಕ್ಕಿತು. ಇವಳಿಗೆ ಏನು ಮಾಡಬೇಕೋ ತೋಚದೆ, "ಮುಂದೆ ಓದಪ್ಪ" ಅಂದಳಂತೆ. ವೀಕ್ಷಣಾ ಪುಸ್ತಕದಲ್ಲಿ ಉಪನ್ಯಾಸಕರು ಬರೆದದ್ದು: ಮಗು ತಪ್ಪಾಗಿ ಓದಿದಾಗ ತಿದ್ದಲಿಲ್ಲ.

"ಅದು ತಪ್ಪು ಅಂತ ನಂಗೆ ಅನ್ನಿಸಲೇ ಇಲ್ಲ ದೊಡ್ಡಮ್ಮ. ಆದ್ರೆ ಯಾಕೆ ತಪ್ಪಲ್ಲ ಅಂತ ಹೇಳೋಕೂ ಬರಲಿಲ್ಲ" ಅಂದಳು.

ನನಗೆ ಆ ಮಾತು ಕೇಳಿ ಎಷ್ಟು ಸಂತೋಷವಾಯಿತೆಂದರೆ, ಬೇಲಿಯ ಮೇಲಿಂದಲೇ ಅವಳ ತಲೆ ಸವರಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಒಂದನೇ ಎರಡನೇ ತರಗತಿಗಳಿಗೆ ಪಾಠ ಮಾಡಿದವಳು ನಾನು. ಆ 'ಯಾಕೆ' ನನ್ನೊಳಗೆ ಹುಟ್ಟಲು ಹತ್ತು ವರ್ಷ ಹಿಡಿದಿತ್ತು. ಇವಳಿಗೆ ಇಂಟರ್ನ್‌ಶಿಪ್ಪಿನ ಮೂರನೇ ವಾರಕ್ಕೇ ಹುಟ್ಟಿದೆ.

'ಬೀದಿ' ಎಂಬ ಅಚ್ಚಿನ ಪದ ನೋಡಿ 'ಓಣಿ' ಎಂದ ಮಗು ಆ ಸಾಲಿನ ಅರ್ಥವನ್ನು ಹಿಡಿದಿದೆ. ತನ್ನ ಮನೆಯ ಕನ್ನಡಕ್ಕೆ ಅದನ್ನು ತಂದುಕೊಂಡೂ ಇದೆ. ಅರ್ಥವಾಗದ ಮಗು 'ಬೀದಿ'ಯನ್ನು 'ಬೀಡಿ' ಎಂದೋ 'ಬೂದಿ' ಎಂದೋ ಓದಿ ಮುಂದೆ ಹೋಗುತ್ತದೆ, ಯಾರೂ ನಗುವುದಿಲ್ಲ. ಅಮೆರಿಕದ ಕೆನೆತ್ ಗುಡ್‌ಮನ್ 1960ರ ದಶಕದಲ್ಲಿ ಮಕ್ಕಳು ಗಟ್ಟಿಯಾಗಿ ಓದುವುದನ್ನು ಕೂತು ಕೇಳಿ ಇದನ್ನೇ ಗುರುತಿಸಿದ್ದರು. ಓದುವಾಗ ಆಗುವ ಇಂಥ ಪಲ್ಲಟವನ್ನು ಅವರು ತಪ್ಪು ಎನ್ನದೆ 'ಮಿಸ್‌ಕ್ಯೂ' ಎಂದು ಕರೆದರು. ಅವರ ಎಲ್ಲ ಮಾತೂ ನಿಲ್ಲಲಿಲ್ಲ. ಒಳ್ಳೆಯ ಓದುಗರು ಹೆಚ್ಚಾಗಿ ಊಹೆಯ ಮೇಲೆ ಓದುತ್ತಾರೆ ಎಂಬ ಅವರ ವಾದವನ್ನು ಮುಂದಿನ ಸಂಶೋಧನೆ ಒಪ್ಪಲಿಲ್ಲ. ಅದನ್ನೂ ಹುಡುಗಿಗೆ ಹೇಳಿದೆ. ಯಾಕೆಂದರೆ ಆ ಉಪನ್ಯಾಸಕರ ಮಾತಿನಲ್ಲಿ ಅರ್ಧ ಸತ್ಯವಿದೆ. ಹುಡುಗ ಅರ್ಥ ಹಿಡಿದ, ಅಕ್ಷರ ಬಿಟ್ಟ. 'ಬೀ' ಮತ್ತು 'ದಿ' ಎರಡನ್ನೂ ಅವನ ಕಣ್ಣು ದಾಟಿಹೋಗಿದೆ. ಯಾಕೆ ದಾಟಿತು? ಅದು ಗೊತ್ತಾಗಬೇಕಾದರೆ ಅವನ ಪಕ್ಕದಲ್ಲಿ ಕೂರಬೇಕು.

"ನಾಳೆ ಅವನ ಪಕ್ಕ ಕೂತ್ಕೋ. ಒಂದು ನೋಟ್‌ಬುಕ್ ಇಟ್ಕೋ. ಓದಿದ ಪದ ಸರಿಯಿದ್ರೆ ಟಿಕ್ ಹಾಕು, ಬೇರೆ ಓದಿದ್ರೆ ಅವನು ಏನಂದನೋ ಅದನ್ನೇ ಹಾಗೇ ಬರ್ಕೋ. ತಿದ್ದಬೇಡ, ಬರ್ಕೋ ಅಷ್ಟೆ. ಒಂದು ವಾರ ಆದ್ಮೇಲೆ ಬಾ" ಅಂದೆ. ಇದು ನಾನು ಕಂಡುಹಿಡಿದ ವಿದ್ಯೆಯಲ್ಲ. ನ್ಯೂಜಿಲೆಂಡಿನ ಮೇರಿ ಕ್ಲೇ ಎಂಬಾಕೆ ರೂಢಿಗೆ ತಂದದ್ದು. 'ರನ್ನಿಂಗ್ ರೆಕಾರ್ಡ್' ಅನ್ನುತ್ತಾರೆ. ಬೇಕಾದದ್ದು ಒಂದು ಪೆನ್ಸಿಲು, ಒಂದು ಹಾಳೆ, ಹತ್ತು ನಿಮಿಷ.

ವಾರ ಕಳೆದು ಬಂದಳು. ನೋಟ್‌ಬುಕ್ಕಿನಲ್ಲಿ ಐದು ಪುಟ. ಬೇಲಿಯ ಮೇಲೆ ಹರಡಿಕೊಂಡು ನೋಡಿದೆವು. ಅಕ್ಕ, ಅಜ್ಜ, ಹಗ್ಗ, ಹಣ್ಣು ಎಲ್ಲಕ್ಕೂ ಟಿಕ್. ಅಮ್ಮ, ಅನ್ನ ಕೂಡ ಟಿಕ್. ಆದರೆ 'ಒಮ್ಮೆ' ಬಂದಾಗ ನಿಂತಿದ್ದಾನೆ. 'ಬೆನ್ನು' ಬಂದಾಗ 'ಬೆನು' ಅಂದಿದ್ದಾನೆ. 'ಸುತ್ತಿಗೆ' 'ಸುತಿಗೆ' ಆಗಿದೆ. 'ಕಲ್ಲು' ಮಾತ್ರ ಸರಿ, ಅಪ್ಪನ ಕೆಲಸದ ಜಾಗದಲ್ಲಿ ದಿನಾ ಕೇಳುವ ಪದವಲ್ಲವೇ, ಮೊದಲಕ್ಷರ ನೋಡಿಯೇ ಹೇಳಿರಬೇಕು. ಹುಡುಗಿ ಪುಟ ನೋಡುತ್ತ ನೋಡುತ್ತ, "ದೊಡ್ಡಮ್ಮ, ಅಕ್ಷರದ ಥರಾನೇ ಇರೋ ಒತ್ತು ಅವನಿಗೆ ಬರತ್ತೆ. ಆಕಾರ ಬೇರೆ ಆಗೋ ಒತ್ತು ಬರಲ್ಲ!" ಅಂದಳು.

ಕನ್ನಡದಲ್ಲಿ ಬಹುಪಾಲು ಒತ್ತಕ್ಷರಗಳು ತಲೆಕಟ್ಟು ಕಳಚಿ ಕೆಳಗೆ ಕೂತ ಅದೇ ಅಕ್ಷರಗಳು. ತ, ನ, ಮ, ಯ, ರ, ಲ ಈ ಆರು ಮಾತ್ರ ಒತ್ತಾಗುವಾಗ ರೂಪವನ್ನೇ ಬದಲಿಸಿಕೊಳ್ಳುತ್ತವೆ. ದೊಡ್ಡವರಾದ ನಮಗೆ ಇದು ಕಣ್ಣಿಗೇ ಬೀಳುವುದಿಲ್ಲ. ಆ ಹುಡುಗ 'ಅಮ್ಮ', 'ಅನ್ನ' ಓದಿದ್ದು ಒತ್ತು ಗುರುತಿಸಿ ಅಲ್ಲ. ಸಾವಿರ ಸಲ ನೋಡಿದ ಚಿತ್ರ ಅದು. ಅಲ್ಲಿಗೆ ಅವನಿಗೆ ಏನು ಕಲಿಸಬೇಕೆಂಬುದು ಸ್ಪಷ್ಟವಾಯಿತು. ಮತ್ತೆ ಅ ಆ ಇ ಈ ತಿದ್ದಿಸಬೇಕಿಲ್ಲ, ಇಡೀ ಕಾಗುಣಿತ ಹತ್ತು ಸಲ ಬರೆಸಬೇಕಿಲ್ಲ. ಆರು ಒತ್ತು, ಅವನಿಗೆ ಗೊತ್ತಿರುವ ಪದಗಳಲ್ಲಿ.

ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದ ತಾಯಿ, "ಇದನ್ನೇ ಏನು ನೀವು ಸಂಶೋಧನೆ ಅನ್ನೋದು? ಅದು ಯೂನಿವರ್ಸಿಟೀಲಿ ದೊಡ್ಡೋರು ಮಾಡೋದು ಅಂದ್ಕೊಂಡಿದ್ದೆ" ಅಂದಳು. ಆಕೆ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. "ನಿನ್ನ ಅಳತೆ ಪುಸ್ತಕದಲ್ಲಿ ನನಗೂ ಒಂದು ಪುಟ ಇದೆ ಅಲ್ವಾ? ಎಡಗೈ ಎತ್ತಕ್ಕಾಗಲ್ಲ, ಕಂಕುಳ ಸಡಿಲ ಇಡಬೇಕು ಅಂತ ಬರ್ಕೊಂಡಿದ್ದೀಯ. ಊರಿಗೆಲ್ಲ ಒಂದೇ ಅಳತೇಲಿ ಹೊಲಿದ್ರೆ ಯಾರಿಗೆ ಸರಿಹೋಗತ್ತೆ? ನಿನ್ನ ಮಗಳು ಮಾಡಿರೋದೂ ಅದೇ ಕೆಲಸ ಕಣಮ್ಮ" ಅಂದೆ. ಆಕೆಗೆ ತಟ್ಟನೆ ಅರ್ಥವಾಯಿತು. ಮಗಳ ಮುಖ ನೋಡಿದಳು.

ದೊಡ್ಡವರು ಮಾಡುವ ಸಂಶೋಧನೆಯೂ ಬೇಕು, ಬೇಡವೆನ್ನಲಾರೆ. ಅದನ್ನು ಓದಿದ್ದರೆ ನಾನೊಂದು ಪಾಪ ಮಾಡುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗ 'ಸೂರ್ಯ'ವನ್ನು ಬಿಡದೆ 'ಸೂಯರ' ಎಂದೇ ಓದುತ್ತಿದ್ದ. ನಾನು ಗದರಿಸಿದೆ, ನಿಲ್ಲಿಸಿದೆ, ಐವತ್ತು ಸಲ ಬರೆಸಿದೆ. ಅವನು ಮಾಡುತ್ತಿದ್ದುದರಲ್ಲಿ ನ್ಯಾಯವಿತ್ತು ಎಂದು ಆಮೇಲೆ ಹೊಳೆಯಿತು. ಎಡದಿಂದ ಬಲಕ್ಕೆ ಓದು ಎಂದು ಕಲಿಸಿದವಳು ನಾನೇ. ಅರ್ಕಾವತ್ತು ಬರೆಯುವುದು 'ಯ' ಆದ ಮೇಲೆ, ಉಚ್ಚರಿಸುವುದು 'ಯ'ಗಿಂತ ಮೊದಲು. ಅವನು ಬರೆದಿದ್ದಂತೆ ಓದಿದ. ಈ ಒಂದು ಚಿಹ್ನೆ ಹಿಂದುಮುಂದು ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೆ ಟಿ.ಸಿ.ಎಚ್. ಶಿಕ್ಷಕ ತರಬೇತಿಯಲ್ಲಿ ಮನಶ್ಶಾಸ್ತ್ರ ಕಲಿಸಿದ್ದರು, ಬೋಧನಾ ಕ್ರಮ ಕಲಿಸಿದ್ದರು. ಕನ್ನಡ ಲಿಪಿಯನ್ನು ಮಗುವಿನ ಕಣ್ಣಿನಿಂದ ನೋಡುವುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ಸೊನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳನ್ನೇ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನವಿದೆ. 34 ವ್ಯಂಜನ, ಅವುಗಳ ಕಾಗುಣಿತ, ಮೇಲೆ ಒತ್ತು ಸೇರಿ ಕನ್ನಡದ ಮಗು 400ಕ್ಕೂ ಹೆಚ್ಚು ರೂಪಗಳನ್ನು ಗುರುತಿಸಬೇಕು. ಇಂಗ್ಲಿಷಿನ 26 ಅಕ್ಷರದ ಮಗುವಿನಂತೆ ಒಂದು ವರ್ಷದಲ್ಲಿ ಮುಗಿಯುವ ಕೆಲಸ ಇದಲ್ಲ, ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ ಎಂದು ಅವರು ತೋರಿಸಿದರು. ಎರಡನೇ ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಗುವನ್ನು ದಡ್ಡ ಎನ್ನುವ ಬಾಯಿಗಳನ್ನು ಮುಚ್ಚಿಸಲು ಇಷ್ಟು ತಿಳಿದಿದ್ದರೆ ಸಾಕು. ಇನ್ನೊಂದು ಅಧ್ಯಯನ, ಶೈಲಜಾ ಮೆನನ್ ಮತ್ತು ಸಂಗಡಿಗರದು, ನಮ್ಮ ಹುಡುಗನ ಊರಾದ ಯಾದಗಿರಿಯಲ್ಲೂ ಮಹಾರಾಷ್ಟ್ರದ ಪಾಲ್ಘರ್ ಕಡೆಯಲ್ಲೂ ನಡೆಯಿತು. ಒಂದನೇ ತರಗತಿಯಿಂದ ಮೂರರವರೆಗೆ ಅದೇ ಮಕ್ಕಳನ್ನು ಬಿಡದೆ ಹಿಂಬಾಲಿಸಿದರು. ಅಕ್ಷರ ತಿದ್ದಿಸುವುದರಲ್ಲೇ ವರ್ಷಗಳು ಕಳೆದು, ಕಥೆ ಹೇಳುವುದು, ಮಾತಾಡುವುದು, ತನ್ನ ಮನಸ್ಸಿನದನ್ನು ಬರೆಯುವುದು ಹಿಂದೆ ಬೀಳುತ್ತವೆ. ಮೂರನೇ ತರಗತಿ ಮುಗಿದರೂ ಎಷ್ಟೋ ಮಕ್ಕಳು ಸರಳ ಪದಗಳಿಗೇ ತಡವರಿಸುತ್ತಾರೆ. ಮೂರನೇ ತರಗತಿ ಮುಗಿಸುವ ಹೊತ್ತಿಗೆ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದಬೇಕು, ಅದೂ 2026-27ರ ಒಳಗೆ ಎಂದು 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಗುರಿ ಇಟ್ಟುಕೊಂಡಿತು. ಅದನ್ನು ಮುಟ್ಟಿಸಬೇಕಾದವರು ಈ ನುಗ್ಗೆ ಮರದ ಕೆಳಗೆ ನಿಂತ ಹುಡುಗಿಯಂಥವರೇ.

ಅವರನ್ನು ನಾವು ಹೇಗೆ ತಯಾರು ಮಾಡುತ್ತಿದ್ದೇವೆ? ಪಠ್ಯಕ್ರಮದಲ್ಲಿ ಕ್ರಿಯಾ ಸಂಶೋಧನೆ ಇದೆ. ಬಲು ಒಳ್ಳೆಯ ಹೆಸರು, ಒಳ್ಳೆಯ ಉದ್ದೇಶ: ತರಗತಿಯ ಒಂದು ಸಮಸ್ಯೆ ಆರಿಸಿಕೊ, ಕಾರಣ ಹುಡುಕು, ಏನಾದರೂ ಮಾಡಿ ನೋಡು, ಫಲ ಬರೆ. ಆದರೆ ಹುಡುಗಿ ಹೇಳಿದ್ದು ಕೇಳಿ ನನಗೆ ಹೊಟ್ಟೆ ಉರಿಯಿತು. ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧ ಕ್ರಿಯಾ ಸಂಶೋಧನೆ ಸಿಗುತ್ತದಂತೆ. ಶಾಲೆಯ ಹೆಸರು, ಮಕ್ಕಳ ಸಂಖ್ಯೆ ಬದಲಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿ ಒಪ್ಪಿಸಿದರೆ ಅಂಕ ಬರುತ್ತದೆ. ಎಲ್ಲದರಲ್ಲೂ ಮಕ್ಕಳು 'ಸುಧಾರಿಸಿರುತ್ತಾರೆ'. ಸುಧಾರಿಸದ ಮಗುವಿನ ಬಗ್ಗೆ ಬರೆದರೆ ಅಂಕ ಕಡಿಮೆಯಾದೀತೆಂಬ ಭಯ. ಇದು ಹುಡುಗಿಯರ ತಪ್ಪು ಎನ್ನಲಾರೆ. ಪಾಠ ಯೋಜನೆ, ಚಾರ್ಟು, ಬಗೆಬಗೆಯ ರೆಕಾರ್ಡು, ಎಲ್ಲಕ್ಕೂ ಬಣ್ಣದ ಪೆನ್ನಿನ ಗೆರೆ ಎಳೆದು ರಾತ್ರಿ ಹನ್ನೊಂದಕ್ಕೆ ಮಲಗುವ ಮಕ್ಕಳು ಅವರು. ಐದು ಪುಟದ ಆ ನೋಟ್‌ಬುಕ್ಕನ್ನು ನೋಡುವವರಿದ್ದಾರೆ ಎಂದು ಗೊತ್ತಾದರೆ ಅಂಗಡಿಗೆ ಯಾಕೆ ಹೋಗುತ್ತಾರೆ?

ಒಬ್ಬಳೇ ಬರೆದುಕೊಂಡರೂ ಸಾಲದು. ಅದೇ ಶಾಲೆಗೆ ಇವಳ ಜೊತೆ ಇನ್ನೂ ಮೂವರು ಗೆಳತಿಯರು ಬರುತ್ತಾರೆ. ನಾಲ್ವರೂ ಬೇರೆ ಬೇರೆ ಕೋಣೆಗಳಲ್ಲಿ ಪಾಠ ಮಾಡಿ, ಮಧ್ಯಾಹ್ನ ಒಟ್ಟಿಗೆ ಡಬ್ಬಿ ಬಿಚ್ಚಿದಾಗ ಪಾಠದ ಮಾತೇ ಇಲ್ಲ. "ನೀನು ಪಾಠ ಮಾಡುವಾಗ ಅವರಲ್ಲೊಬ್ಬಳು ಬಂದು ಕೂರಲಿ. ನಿನ್ನ ನೋಡೋದು ಬೇಡ, ಆ ಹುಡುಗನ್ನ ನೋಡಲಿ. ಅವನ ಕಣ್ಣು ಎಲ್ಲಿ ನಿಲ್ಲತ್ತೆ, ಬೆರಳು ಎಲ್ಲಿ ತಡೆಯತ್ತೆ ಬರ್ಕೊಳ್ಳಲಿ" ಅಂದೆ. ಜಪಾನಿನ ಶಿಕ್ಷಕರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹೀಗೆ ಮಾಡುತ್ತಾ ಬಂದಿದ್ದಾರೆ. ಒಂದು ಪಾಠವನ್ನು ಹಲವರು ಸೇರಿ ಕಟ್ಟುತ್ತಾರೆ, ಒಬ್ಬರು ಮಾಡುತ್ತಾರೆ, ಉಳಿದವರು ಮಕ್ಕಳನ್ನು ನೋಡುತ್ತಾರೆ, ಆಮೇಲೆ ಕೂತು ಮಾತಾಡುತ್ತಾರೆ.

ಜಪಾನಿನವರೆಗೂ ಹೋಗಬೇಕಿಲ್ಲ, ಇಲ್ಲೇ ಹೆಗ್ಗಡದೇವನಕೋಟೆ ಇದೆ. 1995ರಲ್ಲಿ ಆ ತಾಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ತಕ್ಕಂತೆ ಕಾರ್ಡು ಬರೆದು, ಕಲಿಕೆಯ ಏಣಿ ಕಟ್ಟಿ, ಹಾಡು ಹೊಂದಿಸಿ ನಲಿಕಲಿ ಎಂಬ ಕಲಿಕೆಯ ಪದ್ಧತಿಯನ್ನು ಹುಟ್ಟಿಸಿದರು. ಅಕ್ಷರಮಾಲೆಯ ಕ್ರಮವನ್ನೇ ಬಿಟ್ಟು, ಕೈಗೆ ಸುಲಭವಾಗಿ ಒದಗುವ ರ, ಗ, ಸ, ದ ಮೊದಲು ಎಂದರು. ಅವರಲ್ಲಿ ಯಾರೂ ದೊಡ್ಡ ಪದವಿಯ ಸಂಶೋಧಕರಲ್ಲ, ಹಳ್ಳಿ ಶಾಲೆಯ ಮೇಷ್ಟ್ರುಗಳು. ನಾನು ಪಕ್ಕದ ತಾಲೂಕಿನಲ್ಲಿದ್ದೆ. 2009-10ರಲ್ಲಿ ನಲಿಕಲಿ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಬಂದಾಗ ನಮ್ಮ ಶಾಲೆಗೂ ಕಾರ್ಡುಗಳ ಪೆಟ್ಟಿಗೆ ಬಂತು. ಕಾರ್ಡು ಚೆನ್ನಾಗಿದ್ದವು. ಆದರೆ ಆ ಕಾರ್ಡನ್ನು ಹುಟ್ಟಿಸಿದ ಮಾತುಕತೆ ಪೆಟ್ಟಿಗೆಯಲ್ಲಿ ಬರಲಿಲ್ಲ. ಈ ಕಾರ್ಡಿನ ನಂತರ ಈ ಕಾರ್ಡೇ ಯಾಕೆ ಎಂದು ಕೇಳುವವರಿಲ್ಲದೆ ಹಲವು ಕಡೆ ಅದು ಇನ್ನೊಂದು ಪಠ್ಯಪುಸ್ತಕವಾಯಿತು. ನನ್ನ ವೃತ್ತಿಜೀವನದಲ್ಲಿ ಇದಕ್ಕಿಂತ ದೊಡ್ಡ ನಷ್ಟವನ್ನು ನಾನು ಕಂಡಿಲ್ಲ.

ನಿನ್ನೆ ಹುಡುಗಿ ಮತ್ತೆ ಬಂದಿದ್ದಳು. ಹುಡುಗ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದು ಒಂದು ಪುಟ್ಟ ಪುಸ್ತಕ ಮಾಡಿದ್ದಾಳೆ. ಅಪ್ಪ ಸುತ್ತಿಗೆ ಎತ್ತಿದ್ದು, ಅಮ್ಮ ರೊಕ್ಕ ಎಣಿಸಿದ್ದು, ಊರಿನ ಓಣಿ. ಆರು ಒತ್ತುಗಳೂ ಅದರಲ್ಲಿ ಬಂದಿವೆ. ಕೊನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಓಣಿ ಮತ್ತು ಬೀದಿ ಎರಡನ್ನೂ ಬರೆಸಿದ್ದಾಳೆ. ಗೆಳತಿಯರಲ್ಲಿ ಇಬ್ಬರು ಈಗ ತಮ್ಮ ತರಗತಿಯ ಒಂದೊಂದು ಮಗುವಿನ ಪಕ್ಕ ಕೂರುತ್ತಿದ್ದಾರಂತೆ. "ಆದ್ರೆ ದಿನಾ ಕೂರೋಕೆ ಆಗಲ್ಲ ದೊಡ್ಡಮ್ಮ. ಟೀಚರ್ ರಜಾ ಇದ್ರೆ ನಮ್ಮನ್ನೇ ಎರಡು ತರಗತಿಗೆ ಹಾಕ್ತಾರೆ. ಇಲ್ಲಾಂದ್ರೆ ಆನ್‌ಲೈನ್ ಮಾಹಿತಿ ತುಂಬೋ ಕೆಲಸ" ಅಂದಳು.

ಆದ್ದರಿಂದ ಶಾಲೆಗಳ ಮುಖ್ಯ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ನಿಯಮದಂತೆ ಈ ಮಕ್ಕಳಿಗೆ ಎರಡು ವರ್ಷದಲ್ಲಿ ಸಿಗುವುದು 20 ವಾರಗಳ ಶಾಲೆ. ನಿಮ್ಮಲ್ಲಿ ಆಳು ಕಡಿಮೆ ಎಂದು ಬಲ್ಲೆ, ನಾನೂ ಆ ಕುರ್ಚಿಯಲ್ಲಿ ಕೂತವಳೇ. ಆದರೂ ಪ್ರಶಿಕ್ಷಣಾರ್ಥಿಗಳು ಬಂದಾಗ ಅವರಿಗೆ ಖಾಲಿ ತರಗತಿಯ ಜೊತೆಗೆ ಓದಲು ತಡವರಿಸುವ ಒಂದು ಮಗುವನ್ನೂ ಒಪ್ಪಿಸಿ. ದಿನಕ್ಕೆ ಹತ್ತು ನಿಮಿಷ ಬಿಟ್ಟುಕೊಡಿ. ವಾರಕ್ಕೊಮ್ಮೆ ಅವರ ನೋಟ್‌ಬುಕ್ಕನ್ನು ಕೇಳಿ ನೋಡಿ.