ನೌಕೋದರ ವರ್ಷಜಲ ನಿವಾರಣ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವರು ಮೊದಲು ವಿಘ್ನೇಶ್ವರನಿಗೆ ಕೈಮುಗಿಯುತ್ತಾರೆ. ಈ ಗ್ರಂಥಕರ್ತನು ಮೊದಲ ನಮಸ್ಕಾರವನ್ನು ವರುಣನಿಗೆ ಸಲ್ಲಿಸಿದ್ದಾನೆ. ‘ಬಾ’ ಎಂದಲ್ಲ, ‘ಸಾಕು’ ಎಂದು. ಇದು ಆಷಾಢದ ನಡುರಾತ್ರಿ ಮೂರು ಗಂಟೆಗೆ, ಹೊಳೆಬದಿಯ ಧಕ್ಕೆಯಲ್ಲಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಮಾಡಿದ ಮಂಗಳಾಚರಣೆಯಾದ್ದರಿಂದ ಉಚ್ಚಾರ ದೋಷಗಳನ್ನು ಪಂಡಿತರು ಮನ್ನಿಸಬೇಕು.

ಇನ್ನು ಅನುಬಂಧ ಚತುಷ್ಟಯ. ವಿಷಯ: ಮೋಟಾರು ದೋಣಿಯ ತಳದಲ್ಲಿ, ಅಂದರೆ ಕಾಲಿಡುವ ಹಲಗೆಯ ಅಡಿಯ ಇಕ್ಕಟ್ಟಿನಲ್ಲಿ, ಮಳೆನೀರು ನಿಲ್ಲದಂತೆ ಮಾಡುವುದು. ಪ್ರಯೋಜನ: ನಿದ್ದೆ. ಅಧಿಕಾರಿ: ಯಾವನಿಗೆ ದೋಣಿ ಇದೆಯೋ, ಅದನ್ನು ಮಾರಲು ಯಾವನಿಗೆ ಗಿರಾಕಿ ಸಿಕ್ಕಿಲ್ಲವೋ ಅವನು. ಸಂಬಂಧ ಎಂಬಲ್ಲಿ ನನ್ನ ಭಾವನನ್ನು ಹೇಳಬೇಕು. ದೋಣಿಯಲ್ಲಿ ಅವನದು ಅರ್ಧ ಪಾಲು. ಒಳಗಿನ ನೀರು ಪೂರ್ತಿ ನನ್ನದು.

ದೋಣಿ ತಳದ ಈ ಜಾಗವನ್ನು ಇಂಗ್ಲಿಷಿನವರು ಬಿಲ್ಜ್ ಎನ್ನುತ್ತಾರೆ. ಅದೇ ಶಬ್ದಕ್ಕೆ ಹುರುಳಿಲ್ಲದ ಬಡಬಡಿಕೆ ಎಂಬ ಅರ್ಥವೂ ಅವರಲ್ಲಿದೆ. ಪ್ರಸ್ತುತ ಪ್ರಬಂಧವನ್ನು ಮೊದಲನೆಯ ಅರ್ಥದಲ್ಲೇ ಓದಬೇಕೆಂದು ಪ್ರಾರ್ಥನೆ. ನಾನು ಗಂಭೀರವಾಗಿ ‘ನೌಕೋದರ’ ಎಂಬ ಪಾರಿಭಾಷಿಕವನ್ನು ಟಂಕಿಸಿದ್ದೇನೆ. ಗಂಗೊಳ್ಳಿಯ ಬಂದರಿನಲ್ಲಿ ಇದನ್ನು ಪ್ರಯೋಗಿಸಿ ನೋಡಿದಾಗ ಎದುರಿನವರು ನನ್ನ ಹೊಟ್ಟೆಯನ್ನು ನೋಡಿದರು.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಎಂಬ ಐದು ಹೊಳೆಗಳು ಗಂಗೊಳ್ಳಿಯ ಬಳಿ ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುತ್ತವೆ. ಆ ನೀರಿನ ನಡುವೆ ಅಲ್ಲಲ್ಲಿ ಕುದ್ರುಗಳು, ಅಂದರೆ ನಡುಗಡ್ಡೆಗಳು. ಅಂಥದ್ದೊಂದು ಕುದ್ರುವಿನಲ್ಲಿ ನಮ್ಮ ಮಾವನವರ ಕಾಲದ ತೆಂಗಿನ ತೋಟವಿದೆ. ಕಾಯಿ ತರಲೆಂದು ದೋಣಿ ತೆಗೆದುಕೊಂಡೆವು. ಫೈಬರ್ ದೋಣಿ, ಹಿಂಬದಿಗೆ ಸುಮಾರು ನಲವತ್ತು ಕಿಲೋ ತೂಗುವ ಮೋಟಾರು. ಹಿಂದಿನವರು ಮರದ ದೋಣಿಯನ್ನು ಬಹಳ ವಿಚಾರ ಮಾಡಿ ಕಟ್ಟುತ್ತಿದ್ದರು. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಮರಕ್ಕೂ ವರ್ಣ ಹೇಳುತ್ತದೆ. ಕ್ಷತ್ರಿಯ ವರ್ಣದ ಮರವೇ ನೌಕೆಗೆ ಶ್ರೇಷ್ಠವಂತೆ. ಹಲಗೆ ಜೋಡಿಸಲು ಕಬ್ಬಿಣ ಕೂಡದು, ಕಡಲಿನ ಅಯಸ್ಕಾಂತ ಎಳೆದುಕೊಂಡೀತು ಎಂದು ಎಚ್ಚರಿಸುತ್ತದೆ. ಫೈಬರಿಗೆ ವರ್ಣವೂ ಇಲ್ಲ, ಅಯಸ್ಕಾಂತದ ಭಯವೂ ಇಲ್ಲ. ಅದಕ್ಕಿರುವುದು ಆಕಾಶದ ಭಯ ಒಂದೇ.

ಆ ಭಯದ ಗಣಿತ ಹೀಗಿದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ದೋಣಿ 18 ಅಡಿ ಉದ್ದ, 6 ಅಡಿ ಅಗಲ. ಮೂತಿ ಚೂಪಾಗಿರುವುದರಿಂದ ಮೇಲಕ್ಕೆ ತೆರೆದ ಬಾಯಿ ಅಂದಾಜು 8 ಚದರ ಮೀಟರ್. ಹವಾಮಾನ ಇಲಾಖೆಯವರು ಒಂದು ದಿನದಲ್ಲಿ 204.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಸುರಿದರೆ ಅದನ್ನು ‘ಅತ್ಯಂತ ಭಾರಿ ಮಳೆ’ ಎನ್ನುತ್ತಾರೆ. ಆ ದಶಮಾಂಶ ಐದು ನನಗೆ ಬಹಳ ಇಷ್ಟ. ಎಂಟರಿಂದ ಗುಣಿಸಿ: 1,636 ಲೀಟರ್. ಒಂದೂವರೆ ಟನ್ನಿಗೂ ಹೆಚ್ಚು. ಆರು ಜನ ಕೂರುವ ದೋಣಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರ ಭಾರ ಹತ್ತಿ ಕೂತಂತಾಯಿತು, ಒಬ್ಬರೂ ನಮ್ಮನ್ನು ಕೇಳದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅಂದರೆ ಈ ಒಂದು ದೋಣಿಯ ಪಾಲಿಗೇ 32 ಸಾವಿರ ಲೀಟರ್! ಏಪ್ರಿಲ್ ತಿಂಗಳಲ್ಲಿ ಬಾವಿ ಬತ್ತಿ ಟ್ಯಾಂಕರಿಗೆ ಫೋನು ಮಾಡುವಾಗ ಈ ಲೆಕ್ಕ ನೆನಪಾದರೆ ಮನುಷ್ಯ ವೇದಾಂತಿಯಾಗುತ್ತಾನೆ.

ವೇದಾಂತ ಬಂದದ್ದರಿಂದ ಪ್ರಮಾಣವಿಚಾರ. ದೋಣಿಯೊಳಗೆ ನೀರಿದೆ ಎಂದು ತಿಳಿಯುವುದು ಹೇಗೆ? ಮಧ್ವಾಚಾರ್ಯರ ಜಿಲ್ಲೆಯವರಾದ ನಮಗೆ ಪ್ರಮಾಣ ಮೂರೇ: ಪ್ರತ್ಯಕ್ಷ, ಅನುಮಾನ, ಆಗಮ. ಪ್ರತ್ಯಕ್ಷಕ್ಕೆ ಎದ್ದು ಹೋಗಿ ನೋಡಬೇಕು. ಆದ್ದರಿಂದ ಅದು ದುರ್ಬಲ. ಅನುಮಾನ ಚಾಪೆಯ ಮೇಲಿಂದಲೇ ಸಾಧ್ಯ: ಹಂಚಿನ ಮೇಲೆ ಸದ್ದು ಎಲ್ಲೆಲ್ಲಿ ಉಂಟೋ ಅಲ್ಲಲ್ಲಿ ದೋಣಿಯೊಳಗೆ ನೀರುಂಟು. ಆಗಮ ಎಂದರೆ ಆಪ್ತವಾಕ್ಯ. ಅದು ಧಕ್ಕೆಯ ಪಕ್ಕದ ಮನೆಯ ಅಜ್ಜನ ಫೋನಿನ ಮೂಲಕ ಬರುತ್ತದೆ: “ಹ್ವಾಯ್, ನಿಮ್ ದೋಣಿ ಕೂತ್ಕಂಡಿತ್ತ್, ಕಾಣಿ.”

ಬಂದ ನೀರು ಆಕಾಶದ್ದೋ ಹೊಳೆಯದ್ದೋ? ಇಲ್ಲಿ ಭೇದ-ಅಭೇದ ವಾದ ಏಳುತ್ತದೆ. ಬೆರಳದ್ದಿ ನಾಲಗೆಗೆ ಮುಟ್ಟಿಸಿದರೆ ಸಪ್ಪೆಯಾದದ್ದು ಮಳೆ, ಉಪ್ಪಾದದ್ದು ಸೋರಿಕೆ ಎಂದು ಭೇದವಾದಿಗಳು. ಮಾರ್ಚಿನಲ್ಲಿ ಇದು ಸರಿಯೇ. ಜುಲೈಯಲ್ಲಿ ಘಟ್ಟದ ಕೆಂಪು ನೀರು ಇಳಿದು ಹೊಳೆಯೇ ಸಪ್ಪೆಯಾಗಿರುವಾಗ ನಾಲಗೆಗೆ ಒಳಗೂ ಹೊರಗೂ ಎಲ್ಲ ಒಂದೇ. ಹೀಗೆ ಕಟ್ಟಾ ದ್ವೈತಿಯೂ ಆರಿದ್ರಾ ಮಳೆಯಿಂದ ಮಘಾ ಮಳೆಯವರೆಗೆ ತನ್ನ ದೋಣಿಯೊಳಗೆ ಮಾತ್ರ ಅದ್ವೈತಿ.

ಮುಳುಗುವ ಕ್ರಮವನ್ನು ಆರ್ಕಿಮಿಡೀಸನು ಹೇಳಿದ ಮಟ್ಟಿಗೆ ಸರಿಯಾಗಿಯೇ ಹೇಳಿದ್ದಾನೆ. ಆದರೆ ಅವನದು ಸ್ನಾನದ ತೊಟ್ಟಿ, ಅದರ ಹಿಂಬದಿಗೆ ಮೋಟಾರು ಇರಲಿಲ್ಲ. ಮೋಟಾರಿನ ಭಾರಕ್ಕೆ ದೋಣಿಯ ಹಿಂಭಾಗ ಮೊದಲೇ ತಗ್ಗು. ಬಿದ್ದ ನೀರೆಲ್ಲ ಅಲ್ಲಿಗೇ ಹರಿಯುತ್ತದೆ. ಹರಿದಷ್ಟೂ ಹಿಂಭಾಗ ಇನ್ನಷ್ಟು ತಗ್ಗು, ತಗ್ಗಿದಷ್ಟೂ ಇನ್ನಷ್ಟು ನೀರು. ಕೊನೆಗೆ ಹಿಂದಿನ ಅಂಚು ಹೊಳೆಯ ಮಟ್ಟಕ್ಕೆ ಬಂದಾಗ ಒಂದು ಸಣ್ಣ ಅಲೆ ಒಳಗೆ ಕಾಲಿಡುತ್ತದೆ. ಅಲ್ಲಿಯವರೆಗೆ ಮಳೆಯದ್ದಾಗಿದ್ದ ಕೆಲಸವನ್ನು ಮುಂದೆ ಹೊಳೆ ಮುಗಿಸಿಕೊಡುತ್ತದೆ. ಈ ಭಾಗವನ್ನು ನಾನು ಪ್ರತ್ಯಕ್ಷ ಪ್ರಮಾಣದಿಂದಲೇ ಬರೆದಿದ್ದೇನೆ.

ನಿವಾರಣೋಪಾಯಗಳಲ್ಲಿ ಮೊದಲನೆಯದು ಟರ್ಪಾಲು. ಇದರಲ್ಲಿ ನಾನು ಮಾಡಿದ ತಪ್ಪು ನಾಗರಿಕತೆಯ ಇತಿಹಾಸಕ್ಕೆ ಸಂಬಂಧಿಸಿದ್ದು. ನಮ್ಮೂರಲ್ಲಿ ದನದ ಕೊಟ್ಟಿಗೆಗೂ ಕಡಿದಾದ ಇಳಿಜಾರಿನ ಮಾಡು ಇರುತ್ತದೆ. ಅಂಥ ಮಾಡಿನಡಿ ಹುಟ್ಟಿ ಬೆಳೆದ ನಾನು ದೋಣಿಗೆ ಟರ್ಪಾಲು ಕಟ್ಟುವಾಗ ಬಯಲುಸೀಮೆಯ ಮಾಳಿಗೆಯಂತೆ ಚಪ್ಪಟೆಯಾಗಿ ಬಿಗಿದೆ. ಮಳೆ ಬಂತು. ನಡುವೆ ಒಂದು ತಟ್ಟೆಯಷ್ಟು ನೀರು ನಿಂತಿತು. ಆ ಭಾರಕ್ಕೆ ಟರ್ಪಾಲು ಜಗ್ಗಿತು, ಜಗ್ಗಿದ್ದಕ್ಕೆ ಇನ್ನಷ್ಟು ನಿಂತಿತು. ಬೆಳಿಗ್ಗೆ ನೋಡಿದರೆ ನೀಲಿ ಬಣ್ಣದ ಕೆರೆ, ಅದರಲ್ಲಿ ತೇಲುವ ಒಂದು ತೆಂಗಿನ ಸೋಗೆ, ಸೋಗೆಯ ಮೇಲೆ ಒಂದು ಕಪ್ಪೆ. ಒಳಗಡೆ ಮಾತ್ರ ಒಣ ಒಣ! ಸಂತೋಷದಿಂದ ಒಂದು ಮೂಲೆಯ ಹುರಿಹಗ್ಗ ಬಿಚ್ಚಿದೆ. ರಾತ್ರಿಯಿಡೀ ಒಳಗೆ ಬೀಳದ ನೀರು ಕ್ಷಣಮಾತ್ರದಲ್ಲಿ, ಕಪ್ಪೆಸಮೇತ, ಒಳಗೆ ಬಿತ್ತು.

ಪರಿಷ್ಕೃತ ವಿಧಾನ: ಮೂತಿಯಿಂದ ಹಿಂಬದಿಯವರೆಗೆ ನಡುವೆ ಎತ್ತರದಲ್ಲಿ ಒಂದು ಬಿದಿರು ಕಟ್ಟಿ, ಅದನ್ನೇ ಮನೆಯ ತೊಲೆಯೆಂದು ಭಾವಿಸಿ, ಟರ್ಪಾಲನ್ನು ಎರಡೂ ಕಡೆ ದೋಣಿಯ ಅಂಚು ದಾಟಿ ಕೆಳಗಿಳಿಸಬೇಕು. ಅಂಚಿಗೆ ಅರ್ಧ ನೀರು ತುಂಬಿದ ಬಾಟಲಿಗಳನ್ನು ನೇತುಹಾಕಿದರೆ ನೈಋತ್ಯದ ಗಾಳಿಗೆ ಹೊಡೆದುಕೊಳ್ಳುವುದಿಲ್ಲ. ಮುಂದೆ ಹಿಂದೆ ಗಾಳಿಯಾಡಲು ಸಂದು ಬಿಡಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಇದು ನಿಜವಾಗಿಯೂ ಕೆಲಸ ಮಾಡುವ ಉಪಾಯವಾದ್ದರಿಂದ ಶಾಸ್ತ್ರದೃಷ್ಟಿಯಿಂದ ಇದರಲ್ಲಿ ಹೆಚ್ಚಿನ ಸ್ವಾರಸ್ಯವಿಲ್ಲ.

ಎರಡನೆಯದು ಯಂತ್ರೋಪಾಯ, ಇದು ಭಾವನ ಮತ. ದೋಣಿಯ ತಳದಲ್ಲಿ ಒಂದು ಪುಟ್ಟ ಪಂಪು, ಅದಕ್ಕೆ ತೇಲುವ ಸ್ವಿಚ್ಚು. ನೀರು ಏರಿದರೆ ಸ್ವಿಚ್ಚು ತೇಲಿ ಪಂಪು ತಾನೇ ಓಡುತ್ತದೆ, ಇಳಿದರೆ ತಾನೇ ನಿಲ್ಲುತ್ತದೆ. ಡಬ್ಬಿಯ ಮೇಲೆ ಗಂಟೆಗೆ 500 ಗ್ಯಾಲನ್ ಎಂದು ಬರೆದಿತ್ತು. ಅಮೆರಿಕದ ಗ್ಯಾಲನ್ನಿನಲ್ಲಿ ಅದು ಸುಮಾರು 1,900 ಲೀಟರ್. ಆದರೆ ಆ ಸಂಖ್ಯೆ ನೀರನ್ನು ಮೇಲಕ್ಕೆ ಎತ್ತುವ ತೊಂದರೆಯೇ ಇಲ್ಲದಾಗ ಸಿಗುವಂಥದ್ದು. ಪೈಪು ಮೇಲೇರಿದಷ್ಟೂ, ಬಳುಕಿದಷ್ಟೂ ಕಡಿಮೆ. ಆದರೂ ನಾವು ಗೆದ್ದೆವೆಂದು ಭಾವ ನುಡಿದ. “ಭಾವಯ್ಯ, ನಿಮ್ಮ ಬಿದಿರಿನ ಕಾಲ ಮುಗಿಯಿತು,” ಎಂದೂ ಸೇರಿಸಿದ.

ಮೂರನೆಯ ರಾತ್ರಿ ಸ್ವಿಚ್ಚಿನಡಿ ಒಂದು ಹಿಡಿ ತೆಂಗಿನ ನಾರು ಸೇರಿಕೊಂಡಿತು. ಮೇಲೆ ತೇಲಿದ ಸ್ವಿಚ್ಚು ಕೆಳಗಿಳಿಯಲೇ ಇಲ್ಲ. ನೀರು ಮುಗಿದ ಮೇಲೂ ಪಂಪು ಗಾಳಿಯನ್ನು ನಿಷ್ಠೆಯಿಂದ ಹೊರಹಾಕುತ್ತ ಬ್ಯಾಟರಿ ಸಾಯುವವರೆಗೆ ಓಡಿತು. ಆಮೇಲೆ ನಿಜವಾದ ಮಳೆ ಬಂತು. ಹಿಂಭಾಗ ತಗ್ಗಿ, ನೀರು ಹೊರಹೋಗಲೆಂದು ಇಟ್ಟ ತೂತು ಹೊಳೆಯ ಮಟ್ಟಕ್ಕಿಂತ ಕೆಳಗಾಯಿತು. ಹೊರಗಿನ ನೀರು ಅದೇ ಪೈಪಿನ ದಾರಿಯಲ್ಲಿ ಒಳಗೆ ಬಂತು. ಪಂಪಿನ ಮೂಲಕ ದೋಣಿಗೆ ನೀರು ತುಂಬಿಸಿದ ಕೀರ್ತಿ ಯಾರದೆಂಬ ಬಗ್ಗೆ ನನಗೂ ಭಾವನಿಗೂ ಮತಭೇದವಿದೆ.

ಮೂರನೆಯದು ಎಣ್ಣೆ ಕ್ಯಾನು. ಐದು ಲೀಟರಿನ ಕ್ಯಾನನ್ನು ಓರೆಯಾಗಿ ಕತ್ತರಿಸಿ, ಹಿಡಿಕೆ ಉಳಿಸಿಕೊಂಡು ಮೊಗೆದು ಚೆಲ್ಲುವುದು. ಇದರ ವಿಸ್ತಾರವಾದ ಅಧ್ಯಾಯವನ್ನು ಬರೆದಿದ್ದೆ, ಹಸ್ತಪ್ರತಿ ದೋಣಿಯಲ್ಲಿತ್ತು. ಆದ್ದರಿಂದ ಇಲ್ಲಿ ಪಾಠ ತ್ರುಟಿತ.

ಇನ್ನು ಪೂರ್ವಪಕ್ಷ. ಇಷ್ಟೆಲ್ಲ ಕೇಳಿದ ಅಬ್ಬಿ, ಅಂದರೆ ನನ್ನ ಅಮ್ಮ, ಅಡುಗೆಮನೆಯಿಂದ, “ಕೊಡಪಾನ ಕವ್ಚಿ ಇಡೂದ್ ಎಂತಕ್ಕ್ ಮಗಾ?” ಎಂದರು. ತರ್ಕ ನಿರ್ದುಷ್ಟ. ಆದರೆ ಕೊಡಪಾನಕ್ಕೆ ಮೋಟಾರಿಲ್ಲ. ದೋಣಿ ಕವುಚಲು ಮೋಟಾರು ಕಳಚಬೇಕು, ಹತ್ತಾಳು ಬೇಕು, ಹತ್ತಾಳಿಗೆ ಚಾ, ಗೋಳಿಬಜೆ ಬೇಕು. ಹೀಗೆ ಖಂಡಿಸಿ ಗೆದ್ದೆ. ಅಬ್ಬಿ ಮಾತಾಡದೆ ಇನ್ನೊಂದು ಕೊಡಪಾನ ಕವುಚಿದರು.

ಧಕ್ಕೆಯ ಪಕ್ಕದ ಮನೆಯ ಅಜ್ಜ ಆಯುಷ್ಯವೆಲ್ಲ ಮರದ ದೋಣಿಯಲ್ಲಿ ಕಳೆದವರು. “ಸೀ ನೀರ್ ಮರ ತಿಂತ್ತ್, ಉಪ್ಪ್ ನೀರ್ ತಿಂಬುದಿಲ್ಲ,” ಎಂದು ಅವರ ಲೆಕ್ಕ. ಅದು ನಿಜ, ಮರವನ್ನು ಲಡ್ಡು ಹಿಡಿಸುವ ಬೂಷ್ಟು ಸಿಹಿನೀರಿನ ತೇವದಲ್ಲೇ ಹುಲುಸು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಆಗ ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ಹೊದ್ದು ಮಲಗುತ್ತವೆ. ಅಜ್ಜನ ಕಾಲದಲ್ಲಿ ಹೊದಿಕೆ ಎಂದರೆ ಹೆಣೆದ ಮಡಲು. ನನ್ನ ಬಿದಿರು, ಬಾಟಲಿ, ಪಂಪು, ಬ್ಯಾಟರಿ ಎಲ್ಲವನ್ನೂ ಅವರು ಎರಡು ವರ್ಷ ಜಗಲಿಯಿಂದಲೇ ನೋಡಿ, ಮೂರನೆಯ ವರ್ಷ ಬಾಯಿಬಿಟ್ಟರು: “ದಡಕ್ಕೆ ಎಳ್ದ್, ಬೂಚ್ ತೆಗ್ದ್ ಇಟ್ರೆ ಆಯ್ತಲ್ದಾ ಮಾರಾಯ್ರೆ.”

ಸಿದ್ಧಾಂತ ಇದೇ. ದೋಣಿಯ ಹಿಂಬದಿಯ ತಳದಲ್ಲಿ ಒಂದು ತೂತು, ತೂತಿಗೆ ಹಿತ್ತಾಳೆಯ ತಿರುಪು ಬೂಚು. ದೋಣಿಯನ್ನು ದಡಕ್ಕೆಳೆದು, ಮೂತಿಯಡಿ ಎರಡು ಕಲ್ಲಿಟ್ಟು ಎತ್ತರಿಸಿ, ಬೂಚು ಬಿಚ್ಚಿದರೆ ಬಂದ ಮಳೆ ಬಂದಂತೆಯೇ ಹೋಗುತ್ತದೆ. 204.5 ಆದರೂ ಅಷ್ಟೇ, ದಶಮಾಂಶವೂ ನಿಲ್ಲುವುದಿಲ್ಲ. ಕಳೆದ ವರ್ಷ ಹಾಗೆಯೇ ಮಾಡಿದೆ. ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳಲ್ಲಿ ಗಡದ್ದಾಗಿ ನಿದ್ದೆ ಮಾಡಿದೆ. ಬೂಚನ್ನು ಕಳೆದುಹೋಗದ ಜಾಗದಲ್ಲಿ ಜೋಪಾನವಾಗಿ ಇಟ್ಟೆ.

ಚೌತಿ ಕಳೆದು ದೋಣಿಯನ್ನು ನೀರಿಗಿಳಿಸಿದೆವು. ಭಾವ ತೆಂಗಿನಕಾಯಿ ಒಡೆದ, ನಾನು ಮೋಟಾರು ಹಚ್ಚಿದೆ. ಅರ್ಧ ಹೊಳೆ ದಾಟುವಾಗ ಪಾದ ತಣ್ಣಗಾಯಿತು. ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡೆ. ಆಗ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಆ ಬೂಚು ಈಗಲೂ ಕಳೆದುಹೋಗದ ಜಾಗದಲ್ಲೇ ಇದೆ. ಹಿತ್ತಾಳೆಯದ್ದು, ಹೆಬ್ಬೆರಳಿನಷ್ಟು ದಪ್ಪ, ಒಂದು ಬದಿಗೆ ಕಪ್ಪು ರಬ್ಬರಿನ ಉಂಗುರ. ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲೋ ಹಳೆ ಕನ್ನಡಕದ ಡಬ್ಬಿಯಲ್ಲೋ ಕಂಡರೆ ದಯವಿಟ್ಟು ಧಕ್ಕೆಯ ಪಕ್ಕದ ಅಜ್ಜನ ಮನೆಯಲ್ಲಿ ಕೊಡಿ. ನನ್ನ ಕೈಗೆ ಬೇಡ.