ಸೋಮಾರಿತನದ ತೂಕ

"ಪುಕ್ಕಟೆ ಅಕ್ಕಿ ಉಂಡು ಜನ ಸೋಮಾರಿಗಳಾದರು ಸ್ವಾಮಿ, ತೋಟಕ್ಕೆ ಆಳೇ ಸಿಗುತ್ತಿಲ್ಲ" ಎಂಬುದು ರಾಯರ ಕೊರಗು. ತೂಗಿಯೇ ನೋಡೋಣ ರಾಯರೇ. ಕರ್ನಾಟಕದ ಅನ್ನಭಾಗ್ಯ ಯೋಜನೆ ಶುರುವಾದದ್ದು 2013ರಲ್ಲಿ. ತಲೆಗೆ ತಿಂಗಳಿಗೆ 10 ಕೆಜಿ ಎಂದೇ ಹಿಡಿದರೂ ದಿನಕ್ಕೆ 333 ಗ್ರಾಂ. ಗ್ಯಾಸು, ಮಗುವಿನ ಔಷಧಿ ಆ ಚೀಲದಲ್ಲಿ ಬರುವುದಿಲ್ಲ, ಅವಕ್ಕೆ ದುಡಿಯಲೇಬೇಕು. ಬದಲಾದದ್ದು ಒಂದೇ: ಹಸಿದವನು ನೀವು ಹೇಳಿದ ಕೂಲಿಗೆ ತಲೆಯಾಡಿಸುತ್ತಿದ್ದ, ಉಂಡವನು ಚೌಕಾಸಿಗೆ ನಿಲ್ಲುತ್ತಾನೆ. ತಮ್ಮ ನಿಘಂಟಿನಲ್ಲಿ ಅದಕ್ಕೆ ಸೋಮಾರಿತನ ಎಂದು ಹೆಸರು.

"ಅಕ್ಕಿ ಮಾರಿಕೊಳ್ಳುತ್ತಾರಲ್ಲ?" ನಿಜ, ಕಾಳಸಂತೆ ಇದೆ, ತಡೆಯಲೇಬೇಕು. ಆದರೆ ರಾಗಿ, ಜೋಳ ಉಣ್ಣುವ ಸೀಮೆಯವರಿಗೆ ಅಕ್ಕಿಯನ್ನೇ ಹೆಚ್ಚಾಗಿ ಅಳೆದುಕೊಟ್ಟರೆ ಇನ್ನೇನಾದೀತು? 2023ರಲ್ಲಿ ಹೆಚ್ಚುವರಿ ಅಕ್ಕಿ ಸಿಗದೆ ಸರ್ಕಾರ ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ಕಾಸು ಕೊಟ್ಟರೆ ಕುಡಿಯುತ್ತಾರೆ ಎಂದವರೂ ನೀವೇ. ಅಂದರೆ ಅಕ್ಕಿಯೂ ಕೂಡದು, ಕಾಸೂ ಕೂಡದು. ಬಡವನಿಗೆ ಉಪದೇಶ ಮಾತ್ರ ಪಥ್ಯ. ಹಾಗಾದರೆ 2019ರಲ್ಲಿ ಕಂಪನಿಗಳ ಮೂಲ ತೆರಿಗೆ ದರವನ್ನು ಶೇ. 30ರಿಂದ 22ಕ್ಕೆ ಇಳಿಸಿದಾಗ ಕಂಪನಿಯವರು ಸೋಮಾರಿಗಳಾಗಲಿಲ್ಲವೇ ರಾಯರೇ?

"ಛೆ, ಅದು ಉತ್ತೇಜನ ಕಣ್ರೀ!"