ಎಂಟು ಕನ್ನಂಬಾಡಿ ಕಂಡ ಗೌಡರು

ಕೆರಗೋಡಿಗೆ ಬಂದು ಹೆಸರು ಹಿಡಿದು ಕೇಳಿದರೆ 'ಯಾವ ಗೌಡ್ರು?' ಅನ್ನುತ್ತಾರೆ. ಸ್ವಿಸ್ ಗೌಡ್ರು ಅನ್ನಿ, ಗೋಲಿ ಆಡುವ ಹುಡುಗರೇ ಮನೆ ಬಾಗಿಲ ತನಕ ಬಿಟ್ಟು ಹೋಗುತ್ತಾರೆ. ಇಂಥವರು ಈಗ ಹೋಬಳಿಗೊಬ್ಬರಾದರೂ ಸಿಗುತ್ತಾರೆ. ಎಂಜಿನಿಯರಿಂಗ್ ಓದಿದ ಮಗಳು ಗಂಡನ ಜೊತೆ ಜರ್ಮನಿ ಸೇರುತ್ತಾಳೆ, ಬಾಣಂತನಕ್ಕೆ ಅಪ್ಪ ಅವ್ವನನ್ನು ಕರೆಸಿಕೊಳ್ಳುತ್ತಾಳೆ. ಬಾಣಂತನ ಅವ್ವನ ಪಾಲಿಗೆ, ಪ್ರವಾಸ ಅಪ್ಪನ ಪಾಲಿಗೆ.

ನಮ್ಮ ಗೌಡರನ್ನು ಅಳಿಯ ಸ್ವಿಟ್ಜರ್ಲೆಂಡಿನ ಲೂಸರ್ನ್ ಸರೋವರಕ್ಕೆ ಕರೆದೊಯ್ದಿದ್ದ. ಸುತ್ತ ಹಿಮದ ಬೆಟ್ಟ, ನಡುವೆ ಹಸಿರು ಬೆರೆತ ನೀಲಿ ನೀರು, ಅದರ ಮೇಲೆ ನೂರು ವರ್ಷ ದಾಟಿದ ಉಗಿಹಡಗು. ಹಡಗಿನಲ್ಲಿದ್ದವರೆಲ್ಲ ಫೋಟೊ ಹೊಡೆದುಕೊಳ್ಳುತ್ತಿದ್ದರೆ ಗೌಡರು ಕಂಬಿ ಹಿಡಿದು ಬಗ್ಗಿ ನೋಡಿ ಕೇಳಿದ್ದು ಒಂದೇ ಮಾತು: 'ಮಟ್ಟ ಎಷ್ಟೈತೆ?'

ಮಂಡ್ಯದವರ ಬಾಯಲ್ಲಿ ಬೇರೆ ಪ್ರಶ್ನೆ ಬರುವುದಾದರೂ ಹೇಗೆ? ಮುಂಗಾರು ಶುರುವಾಯಿತೆಂದರೆ ಪೇಪರಿನಲ್ಲಿ ನಾವು ಮೊದಲು ಹುಡುಕುವುದು ಕನ್ನಂಬಾಡಿ ಲೆಕ್ಕ. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮಗಳ ಮದುವೆಗೂ ಟ್ರಾಕ್ಟರ್ ಸಾಲಕ್ಕೂ ಅದೇ ನಮ್ಮ ಪಂಚಾಂಗ.

ಅಳಿಯ ಮೊಬೈಲ್ ತಡಕಿದ. ವಿಸ್ತಾರ ಸುಮಾರು 114 ಚದರ ಕಿಲೋಮೀಟರ್. ಗೌಡರ ಮುಖ ಅರಳಿತು. ತುಂಬಿದ ಕನ್ನಂಬಾಡಿ ಇದಕ್ಕಿಂತ ಅಗಲ. 'ಆಳ?' 214 ಮೀಟರ್. ಅರಳಿದ ಮುಖ ಬಾಡಿತು. ಬಿಡದೆ ಟಿಎಂಸಿ ಲೆಕ್ಕ ಹಾಕಿಸಿದರು. ನಾನೂರು ದಾಟಿತು. ಕನ್ನಂಬಾಡಿ ಹಿಡಿಯುವುದು 49. 'ಎಂಟು ಕನ್ನಂಬಾಡಿ ಕಣಪ್ಪೋ!' ಎಂದು ಅವರು ಕೂಗಿಕೊಂಡ ರಭಸಕ್ಕೆ ಎದುರು ಬೆಂಚಿನ ಜಪಾನಿ ದಂಪತಿ ಎದ್ದು ನಿಂತು ತಲೆಬಾಗಿ ನಮಸ್ಕರಿಸಿದರಂತೆ.

ಆಮೇಲೆ ಬೆಟ್ಟ ಅವರ ಕಣ್ಣಿಗೆ ಬೀಳಲಿಲ್ಲ. ಲೂಸರ್ನ್‌ಗೆ ಹೋದವರು 14ನೇ ಶತಮಾನದ ಮರದ ಚಾಪೆಲ್ ಸೇತುವೆ ನೋಡಿ ಬರುತ್ತಾರೆ. ಗೌಡರು ಅದನ್ನು ಸರಸರ ದಾಟಿ ಮುಂದೆ ಹೋದರು. ಸರೋವರದಿಂದ ಹೊರಬೀಳುವ ರಾಯ್ಸ್ ನದಿಗೆ ಅಡ್ಡಲಾಗಿ ಊರೊಳಗೇ ಹಳೇ ಕಾಲದ ಒಂದು ಕಟ್ಟೆಯಿದೆ. ಸಾಲಾಗಿ ನಿಲ್ಲಿಸಿದ ಮರದ ಪಟ್ಟಿಗಳನ್ನು ಕೈಯಲ್ಲೇ ಎತ್ತಿ, ಇಳಿಸಿ ಸರೋವರದ ಮಟ್ಟ ಕಾಯುತ್ತಾರೆ. ಗೌಡರು ಅಲ್ಲೇ ಬೇರು ಬಿಟ್ಟರು. ಅವರ ಮೊಬೈಲಿನಲ್ಲಿ ಆ ಪಟ್ಟಿಗಳ ಫೋಟೊ ಎಣಿಸಲಾರದಷ್ಟಿವೆ. ಗೌಡತಿ ಒಂದರಲ್ಲಿದ್ದಾರೆ, ಅದೂ ಅರ್ಧ. 'ಅಲ್ಲೂ ನೀರುಗಂಟಿ ಅವ್ನೆ ಕಣ್ಲಾ' ಎಂದು ತೋರಿಸುತ್ತಾರೆ, 'ಆದ್ರೆ ಅವನ್ನ ಯಾರೂ ಬೈಯಾಕಿಲ್ಲ!'

ಗೌಡತಿಗೆ ಈ ಪುರಾಣ ಕೇಳಿ ಕೇಳಿ ಸಾಕಾಗಿದೆ. 'ಒಂದುಕ್ಕೆ ಓಗಕ್ಕೂ ಎರಡು ಫ್ರಾಂಕು ಕೊಡ್ಬೇಕು, ಅದ ಮಾತ್ರ ಏಳಾಕಿಲ್ಲ ನೋಡು' ಎಂದು ಒಳಗಿನಿಂದಲೇ ಸೇರಿಸುತ್ತಾರೆ. ನನ್ನ ಕೇಳಿದರೆ ಇಡೀ ಪ್ರವಾಸದ ವಸ್ತುನಿಷ್ಠ ವರದಿ ಅದೊಂದೇ.

ಮೊನ್ನೆ ಒಂದು ಬೀಗರ ಊಟದಲ್ಲಿ ಗೌಡರು ಮತ್ತೆ ಎಂಟು ಕನ್ನಂಬಾಡಿ ಬಿಚ್ಚಿದರು. ಪಕ್ಕದ ಎಲೆಯಲ್ಲಿ ಮಳವಳ್ಳಿ ಕಡೆಯವರೊಬ್ಬರು ಕೂತಿದ್ದರು. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ರೈತರು. ನೀರಿನ ಮಾತೆಂದರೆ ಮುದ್ದೆ ಮುರಿಯುವುದನ್ನೂ ನಿಲ್ಲಿಸುವ ಜನ.

'ಆ ನೀರು ಎಲ್ಲಿಗೋಯ್ತದೆ?'

'ರೈನ್ ನದಿ ಸೇರ್ಕಂಡು ಜರ್ಮನಿ, ಹಾಲೆಂಡು, ಅಲ್ಲಿಂದ ಸಮುದ್ರ.'

'ಬಿಡಿ ಅಂತ ಕೋರ್ಟು ಏಳ್ತಾ?'

'ಇಲ್ಲ, ತಾನಾಗೇ ಓಯ್ತದೆ.'

'ಓಗ್ಲಿ ಬಿಡಿ. ಅಷ್ಟು ನೀರು ಮಡಿಕ್ಕಂಡು ಏನು ಬೆಳೀತಾರೆ?'

ಗೌಡರು ಸ್ವಲ್ಪ ತಡೆದರು. 'ನಾನ್ ಕಂಡಂಗೆ... ಹುಲ್ಲು.'

ಮಳವಳ್ಳಿಯವರು ಕೈಲಿದ್ದ ಮೂಳೆಯನ್ನು ಎಲೆಯ ಮೇಲಿಟ್ಟರು. 'ಅದ ನೋಡ್ಕಂಡೂ ಸುಮ್ನೆ ಎದ್ದು ಬಂದ್ರಾ ಗೌಡ್ರೆ?'